ಬೆಕ್ಕಿಗೆ ಹೆದರದ ಪಿಕಳಾರ

ಪಿಕಳಾರದ ಮರಿ ನನಗೆ ಸಿಕ್ಕಿದ್ದು ಕುಮಟೆಯಲ್ಲಿ, ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಹಿಂದೆ. ಏಪ್ರಿಲ್ ಮುಗಿಯುತ್ತ ಬಂದಿತ್ತು. ಕಟ್ಟಡದ ಮಾಲೀಕರು ಬೇಲಿಯ ದಾಸವಾಳ ಕತ್ತರಿಸಲು ಆಳು ಹಚ್ಚಿದ್ದರು. ಊಟದ ಡಬ್ಬಿ ತೊಳೆಯಲು ಹಿಂದೆ ಹೋದಾಗ ಕಡಿದ ರೆಂಬೆಗಳ ರಾಶಿಯಲ್ಲಿ ಬಟ್ಟಲಿನಂಥ ಗೂಡೊಂದು ಮಗುಚಿ ಬಿದ್ದಿತ್ತು. ಎರಡು ಮರಿ ಸತ್ತು ಇರುವೆ ಮುತ್ತಿತ್ತು. ಇನ್ನೊಂದು ಕಣ್ಣು ಬಿಟ್ಟುಕೊಂಡು, ಬಾಯಿ ತೆರೆದುಕೊಂಡು ಕೂತಿತ್ತು. ರೆಕ್ಕೆಯಲ್ಲಿ ಇನ್ನೂ ಗರಿಯ ಕಡ್ಡಿಗಳಷ್ಟೇ ಮೂಡಿದ್ದವು.

ನಮ್ಮ ಡಾಕ್ಟರು ಭಟ್ಕಳದ ಹೆಣ್ಣುಮಗಳು, ದಿನವೂ ರೈಲಿನಲ್ಲಿ ಬಂದು ಹೋಗುವವರು. ಅವರೇ ಬಂದು ಗೂಡನ್ನು ಉಳಿದ ಗಿಡದ ಕವಲಿನಲ್ಲಿ ಕೂರಿಸಿದರು. ಸಂಜೆಯವರೆಗೆ ಕಿಟಕಿಯಿಂದ ನೋಡುತ್ತ ಇದ್ದೆವು. ದೊಡ್ಡ ಹಕ್ಕಿಗಳು ಆಚೆಯ ತಂತಿಯ ಮೇಲೆ ಸ್ವಲ್ಪ ಹೊತ್ತು ಕೂಗಾಡಿ ಹೊರಟುಹೋದವು, ಕೆಳಗಿಳಿಯಲಿಲ್ಲ. ಡಾಕ್ಟರು ಅರಣ್ಯ ಇಲಾಖೆಗೆ ಫೋನು ಮಾಡಿದರು. ಆ ಕಡೆಯವರು ಹೇಳಿದ್ದು ಇಷ್ಟು: ಹಕ್ಕಿಯನ್ನು ಸಾಕುವ ಹಾಗಿಲ್ಲ, ಆದರೆ ಹಾರಲು ಬರುವವರೆಗೆ ಯಾರಾದರೂ ನೋಡಿಕೊಂಡು, ಅದರ ಜಾತಿಯ ಹಕ್ಕಿಗಳಿರುವ ಕಡೆ ಬಿಡಿ.

“ನಿಮ್ಮ ಮನೆ ಹತ್ತಿರ ಪಿಕಳಾರ ಇದಾವಾ?” ಎಂದು ಡಾಕ್ಟರು ಕೇಳಿದರು.

“ಬೇಕಾದಷ್ಟು ಅದಾವೆ,” ಅಂದೆ. ಹಾಗೆ ಅಂದದ್ದೇ ತಡ, ಮರಿ ನನ್ನ ಪಾಲಿಗೆ ಬಂತು. ಹತ್ತಿಯುಂಡೆ ತುಂಬಿದ ಡಬ್ಬಿಯಲ್ಲಿ ಅದನ್ನು ಕೂರಿಸಿಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

ನಮ್ಮ ಮನೆ ಹೊನ್ನಾವರ ದಾಟಿ, ಶರಾವತಿಯ ಸೇತುವೆಯ ಆಚೆ, ಕಾಸರಕೋಡಿನಲ್ಲಿ. ಮನೆಯಲ್ಲಿ ನಾನು, ರಿಕ್ಷಾ ಓಡಿಸುವ ನನ್ನ ಗಂಡ, ಮತ್ತೆ ನನ್ನ ಆಯಿ, ಅಂದರೆ ಹೆತ್ತ ತಾಯಿ. ಆಯಿ ಭಟ್ಕಳದ ಹತ್ತಿರದ ಬೆಳಕೆಯವಳು. ಮೀನಿನ ಬುಟ್ಟಿ ಹೊತ್ತು ಭಟ್ಕಳದ ಕೇರಿಗಳಲ್ಲಿ ಮಾರಿ ನಮ್ಮನ್ನು ದೊಡ್ಡ ಮಾಡಿದವಳು. ಮೊಣಕಾಲು ಕೈಕೊಟ್ಟ ಮೇಲೆ ನಮ್ಮಲ್ಲಿಗೆ ಬಂದಳು. ಬರುವಾಗ ಹಳೆಯ ಬಿದಿರಿನ ಬುಟ್ಟಿಯನ್ನೂ ತಂದಿದ್ದಳು, ಯಾಕೆಂದು ನಾವು ಕೇಳಿರಲಿಲ್ಲ.

“ಇದೆಂತ ತಂದ್ಯೆ?” ಎಂದಳು ಡಬ್ಬಿ ನೋಡಿ.

“ಪಿಕಳಾರದ ಮರಿ. ರೆಕ್ಕೆ ಬರೂವರೆಗೆ ಇಟ್ಕಂಡಿ, ಮತ್ತೆ ಬಿಡೂದು.”

“ನಿಂಗೆ ಮನೆಲಿ ಕೆಲ್ಸ ಕಮ್ಮಿ ಆತು ಕಾಣ್ತದೆ,” ಎಂದಳು. ಆದರೆ ಬುಟ್ಟಿಯನ್ನು ತೊಳೆದು ಒಣಗಿಸಿ ಜಗುಲಿಯಲ್ಲಿ ಬೋರಲು ಹಾಕಿ ಕೊಟ್ಟವಳು ಅವಳೇ.

ಕ್ಲಿನಿಕ್ಕಿನಿಂದ ತಂದ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಳೆಹಣ್ಣು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಕಿವುಚಿ ತಿನ್ನಿಸುತ್ತಿದ್ದೆವು. ನಾನು ಕೆಲಸಕ್ಕೆ ಹೋದರೆ ಆಯಿಯ ಪಾಳಿ. ಮೇ ತಿಂಗಳ ಸೆಖೆಯಲ್ಲಿ ಅದು ಬೇಗ ಬೇಗ ಬೆಳೆಯಿತು. ಬೆನ್ನು ಕಂದು, ಹೊಟ್ಟೆ ಬಿಳಿ, ತಲೆಯ ಮೇಲೆ ಸಣ್ಣದೊಂದು ಜುಟ್ಟು. ದೊಡ್ಡ ಪಿಕಳಾರಗಳ ಕೆನ್ನೆಯಲ್ಲಿ ಕುಂಕುಮದಂಥ ಕೆಂಪು ಇರುತ್ತದಲ್ಲ, ಅದು ಮಾತ್ರ ಇರಲಿಲ್ಲ. ಮರಿಗಳಿಗೆ ಅದು ತಡವಾಗಿ ಬರುತ್ತದಂತೆ.

ಕೆಲವು ಸಂಗತಿ ಅದಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ತಟ್ಟೆಯಲ್ಲಿ ನೀರಿಟ್ಟ ಮೊದಲ ದಿನವೇ ಒಳಗಿಳಿದು, ರೆಕ್ಕೆ ಬಡಿದು, ಜಗುಲಿಯೆಲ್ಲ ನೀರು ಮಾಡಿ ಸ್ನಾನ ಮುಗಿಸಿತು. ಆಯಿ ನೋಡುತ್ತ ನಿಂತಳು. “ಇದ್ಕೆ ಮೀಯೂದು ಯಾರು ಕಲ್ಸಿದ್ದು?” ಎಂದಳು.

ಇನ್ನು ಕೆಲವನ್ನು ಅದು ತನ್ನ ಬಾಯಿಯಿಂದಲೇ ಕಲಿಯಬೇಕಾಯಿತು. ಮರಿಗೆ ಹುಳ ಬೇಕು ಎಂದು ಯಾರೋ ಹೇಳಿದರೆಂದು ನನ್ನ ಗಂಡ ರಿಕ್ಷಾ ಸ್ಟ್ಯಾಂಡಿನ ಹಿಂದಿನ ಎಕ್ಕದ ಗಿಡದಿಂದ ಪಟ್ಟೆಪಟ್ಟೆಯ ಹುಳುಗಳನ್ನು ಪ್ಲಾಸ್ಟಿಕ್ಕಿನಲ್ಲಿ ತಂದರು. ಹಕ್ಕಿ ಒಂದನ್ನು ನುಂಗಿತು. ಸ್ವಲ್ಪ ಹೊತ್ತಿಗೆ ಕುತ್ತಿಗೆ ಚಾಚಿ ಎಲ್ಲವನ್ನೂ ಕಾರಿತು. ಕೊಕ್ಕನ್ನು ಬಿದಿರಿಗೆ ಆ ಕಡೆ ಈ ಕಡೆ ಒರೆಸಿತು. ಮಾರನೆಯ ದಿನ ಅಂಥದೇ ಹುಳ ತೋರಿಸಿದರೆ ಹಿಂದೆ ಸರಿದು ಮುಖ ತಿರುಗಿಸಿತು. ಮಿಡತೆ ಕೊಟ್ಟರೆ ತಿಂದಿತು. ಒಂದೇ ಸಲ ಸಾಕಾಗಿತ್ತು. ಗಂಡ ಮಾತ್ರ ಬೇಜಾರು ಮಾಡಿಕೊಂಡು, “ನಾ ಇನ್ನು ಎಂತದೂ ತರೂದಿಲ್ಲ,” ಎಂದರು. ಎರಡು ದಿನ ಬಿಟ್ಟು ಅವರೇ ಪಪ್ಪಾಯಿ ತಂದರು.

ಈ ಹುಳದ ವಿಷಯ ನೋಡಿ ನನಗೊಂದು ಧೈರ್ಯ ಬಂದಿತ್ತು. ಪೆಟ್ಟು ತಿಂದರೆ ಕಲಿಯುತ್ತದೆ, ಹೊರಗೆ ಬಿಟ್ಟರೂ ಹೀಗೇ ಒಂದೊಂದೇ ಕಲಿತುಕೊಳ್ಳುತ್ತದೆ ಎಂದುಕೊಂಡೆ. ಬೆಕ್ಕಿನ ವಿಷಯ ನನ್ನ ತಲೆಗೆ ಬಂದಿರಲಿಲ್ಲ.

ಬೆಕ್ಕು ಪಕ್ಕದ ಮನೆಯದು. ಹೆಸರಿಗೆ ಪಕ್ಕದ ಮನೆಯದು, ಊಟಕ್ಕೆ ನಮ್ಮದು. ಆಯಿ ಬಾವಿಕಟ್ಟೆಯ ಹತ್ತಿರ ಮೀನು ಕೊಯ್ಯಲು ಕೂತರೆ ಅದು ಎಲ್ಲಿದ್ದರೂ ಬಂದು ಎದುರಿಗೆ ಕೂರುತ್ತಿತ್ತು. ಆಯಿ ಬಂಗಡೆಯ ತಲೆ, ಕರುಳು ಎಸೆಯುತ್ತ ಅದರ ಜೊತೆ ಮಾತಾಡುತ್ತಿದ್ದಳು. ತಿಂದು ಮುಗಿಸಿ ಅದು ಜಗುಲಿಗೆ ಬಂದು ಬುಟ್ಟಿಯ ಪಕ್ಕದಲ್ಲೇ ಮಲಗುತ್ತಿತ್ತು. ಬುಟ್ಟಿಯ ಮೀನಿನ ವಾಸನೆ ಎಷ್ಟು ತೊಳೆದರೂ ಪೂರ್ತಿ ಹೋಗಿರಲಿಲ್ಲ. ಹಕ್ಕಿ ಬಿದಿರಿನ ಸಂದಿಯಿಂದ ಇದನ್ನೆಲ್ಲ ದಿನವೂ ನೋಡುತ್ತಿತ್ತು. ನಾವು ಬೆಕ್ಕನ್ನು ದಾಟಿ ಓಡಾಡುವುದು, ಆಯಿ ಅದರ ಬೆನ್ನು ಸವರುವುದು, ಎಲ್ಲವೂ ಅದರ ಕಣ್ಣೆದುರಿಗೇ. ಅದಕ್ಕೆ ತಾಯಿ ತಂದೆ ಅಂತ ಇದ್ದವರು ನಾವು. ನಾವು ಹೆದರದ ಪ್ರಾಣಿಗೆ ಅದು ಯಾಕೆ ಹೆದರಬೇಕು?

ಕೋಣೆಯೊಳಗೆ ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ನನ್ನ ಹೆಗಲಿಗೆ ಹಾರಲು ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಬಿಟ್ಟೆ. ಅದು ದಾಸವಾಳದ ಗಿಡಕ್ಕೆ ಹೋಯಿತು, ಅಲ್ಲಿಂದ ಬಟ್ಟೆ ಒಗೆಯುವ ಕಲ್ಲಿಗೆ ಬಂದು ಕೂತಿತು. ಆಯಿ ಪಕ್ಕದಲ್ಲೇ ಬಕೆಟ್ಟಿನಿಂದ ನೀರು ತೋಡಿ ಬಟ್ಟೆ ಹಿಂಡುತ್ತಿದ್ದಳು. ಬೆಕ್ಕು ಬಾವಿಕಟ್ಟೆಯ ನೆರಳಿನಿಂದ ಹೊಟ್ಟೆ ಎಳೆಯುತ್ತ ಬಂತು. ಹಕ್ಕಿ ಅದನ್ನು ನೋಡಿತು. ನೋಡಿಯೂ ಬೆನ್ನು ತಿರುಗಿಸಿ ಕೂತೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆಕ್ಕು ಹಾರಿತ್ತು. ಆಯಿ ಕೈಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಮಗ್ಗನ್ನು ಬೀಸಿ ಒಗೆದಳು. ಮಗ್ಗು ಬೆಕ್ಕಿನ ಪಕ್ಕೆಗೆ ತಾಗಿ ಕಲ್ಲಿನ ಮೇಲೆ ಸದ್ದು ಮಾಡಿ ಉರುಳಿತು. ಬೆಕ್ಕು ಓಡಿತು. ಹಕ್ಕಿ ಹೇಗೋ ಜಗುಲಿಯ ಮಾಡಿನ ತನಕ ಹಾರಿ ಅಲ್ಲಿ ಅವಿತುಕೊಂಡಿತು. ಕಲ್ಲಿನ ಮೇಲೆ ಅದರ ಬಾಲದ ಗರಿಗಳೆಲ್ಲ ಬಿದ್ದಿದ್ದವು.

ಇಳಿಸಿ ನೋಡಿದರೆ ಮೈಮೇಲೆ ಗಾಯವಿರಲಿಲ್ಲ. ಬಾಲವಿಲ್ಲದ ಹಕ್ಕಿ ಕಾಯಿಯಂತೆ ಗುಂಡಗೆ ಕಾಣುತ್ತಿತ್ತು. ಎದೆ ಮಾತ್ರ ನನ್ನ ಬೆರಳಿಗೆ ತಾಗುವಷ್ಟು ಜೋರಾಗಿ ಬಡಿಯುತ್ತಿತ್ತು.

“ಆತು, ಇನ್ನು ಕಲೀತದೆ ಬಿಡು,” ಎಂದಳು ಆಯಿ. “ಇನ್ನು ಬೆಕ್ಕು ಕಂಡ್ರೆ ಹತ್ರ ಬರೂದಿಲ್ಲ.”

ನಾನೂ ಹಾಗೇ ಅಂದುಕೊಂಡಿದ್ದೆ. ಮಾರನೆಯ ದಿನ ಬೆಕ್ಕು ಏನೂ ಆಗಿಲ್ಲವೆಂಬಂತೆ ಬಂದು ಬುಟ್ಟಿಯ ಪಕ್ಕ ಮಲಗಿತು. ಹಕ್ಕಿ ಬುಟ್ಟಿಯೊಳಗೆ ಅದರ ಕಿವಿಯ ಹತ್ತಿರವೇ ಕೂತು ಗರಿ ತಿದ್ದಿಕೊಳ್ಳುತ್ತಿತ್ತು. ಆಯಿ ಬಟ್ಟೆ ಒಗೆಯಲು ಕೆಂಪು ಮಗ್ಗು ಹಿಡಿದು ಜಗುಲಿ ದಾಟಿದಳು ನೋಡಿ, ಹಕ್ಕಿ ಹುಚ್ಚು ಹಿಡಿದ ಹಾಗೆ ಬುಟ್ಟಿಯ ಗೋಡೆಗೆಲ್ಲ ಬಡಿದುಕೊಂಡಿತು. ಮಗ್ಗನ್ನು ಒಳಗಿಟ್ಟ ಮೇಲೆ ಸುಮ್ಮನಾಯಿತು. ಸರಿಯಾಗಿ ನೋಡೋಣ ಎಂದು ಸಂಜೆ ನಾನೇ ಮಗ್ಗು ತೋರಿಸಿದೆ. ಅದೇ ಗಾಬರಿ. ನೀಲಿ ಮಗ್ಗಿಗೆ ಏನೂ ಇಲ್ಲ. ಬೆಕ್ಕಿಗೂ ಏನೂ ಇಲ್ಲ.

ಆ ಗಳಿಗೆಯಲ್ಲಿ ಅದು ಕಂಡದ್ದು ಕೆಂಪಗೆ ಹಾರಿಬಂದ ವಸ್ತು ಮತ್ತು ಕಲ್ಲಿನ ಮೇಲಿನ ಸದ್ದು. ಬೆಕ್ಕು ಮೇಲೆ ಎರಗಿದ್ದು ಹಿಂದಿನಿಂದ, ಓರೆಯಾಗಿ. ತನ್ನ ಬಾಲ ಕಿತ್ತದ್ದು ಮಗ್ಗು ಎಂದು ಅದು ತೀರ್ಮಾನ ಮಾಡಿಬಿಟ್ಟಿತ್ತು. ಅದರ ಲೆಕ್ಕದಲ್ಲಿ ಅದು ಸರಿಯೇ. ನನ್ನ ಗಂಡನಿಗೆ ಇದು ಬಹಳ ತಮಾಷೆಯಾಗಿ ಕಂಡು ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದರು. ನನಗೆ ನಗು ಬರಲಿಲ್ಲ. ಇನ್ನೊಂದು ಸಲ ಕಲಿಯಲಿ ಅಂತ ಬಿಡುವ ಪಾಠವಲ್ಲ ಇದು. ಇನ್ನೊಂದು ಸಲ ಆದರೆ ಹಕ್ಕಿಯೇ ಇರುವುದಿಲ್ಲ.

ಆ ವಾರ ಬಸ್ಸಿನಲ್ಲಿ ಸೇತುವೆ ದಾಟುವಾಗೆಲ್ಲ ಇದೇ ಯೋಚನೆ. ನನಗೆ ನೀರಿನ ಹೆದರಿಕೆ. ಸೇತುವೆ ಬಂದರೆ ಕಿಟಕಿಯ ಕಡೆಯಿಂದ ಮುಖ ತಿರುಗಿಸುತ್ತೇನೆ. ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದರೂ ಮೊಣಕಾಲಿನ ಮೇಲೆ ನೀರಿಗೆ ಇಳಿದವಳಲ್ಲ. ನಾನು ಯಾವತ್ತೂ ಮುಳುಗಿಲ್ಲ, ಜಾರಿ ಬಿದ್ದೂ ಇಲ್ಲ. ಒಂದು ಸಂಜೆ ಆಯಿಯನ್ನು ಕೇಳಿದೆ.

“ಆಯಿ, ನಿಂಗೂ ನೀರು ಕಂಡ್ರೆ ಹೆದ್ರಿಕೆ ಅಲ್ವಾ. ಎಂತ ಆಗಿತ್ತು ನಿಂಗೆ?”

ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. “ನಂಗೆಂತ ಆಗಿತ್ತು? ಎಂತದೂ ಆಗ್ಲಿಲ್ಲ.”

“ಮತ್ತೆ?”

“ಅಪ್ಪನ ದೋಣಿ ಬರೂದು ತಡ ಆದ್ರೆ ನಮ್ಮ ಆಯಿ ಬಾಗ್ಲಲ್ಲಿ ನಿಂತ್ಕಂಡಿ ಸಮುದ್ರ ನೋಡ್ತಿತ್ತು. ಮಾತಾಡ್ತಿರ್ಲಿಲ್ಲ. ನಾ ಅದ್ರ ಮುಖ ನೋಡ್ತಿದ್ದೆ.” ಬೆಳ್ಳುಳ್ಳಿಯ ಸಿಪ್ಪೆ ಊದಿ, “ಅಪ್ಪ ದಿನಾ ಬತ್ತಿದ್ದ. ಒಂದು ದಿನನೂ ಬರ್ದೆ ಇದ್ದದ್ದಿಲ್ಲ,” ಎಂದಳು.

ನಾನು ಆಯಿಯ ಮುಖ ನೋಡಿ ಕಲಿತವಳು, ಅವಳು ಅವಳ ಆಯಿಯ ಮುಖ ನೋಡಿ ಕಲಿತವಳು. ಸಮುದ್ರ ನಮ್ಮಿಬ್ಬರಿಗೂ ಏನೂ ಮಾಡಿರಲಿಲ್ಲ. ಆ ಹೆದರಿಕೆ ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ಗೊತ್ತಿಲ್ಲ. ಆದರೆ ಮೈಗೆ ಪೆಟ್ಟಾಗದೆ ಹೆದರಿಕೆ ಬರುವ ದಾರಿ ಒಂದಿದೆ ಎನ್ನುವುದು ಅವತ್ತು ಕಣ್ಣಿಗೆ ಕಟ್ಟಿದ ಹಾಗಾಯಿತು.

ನಮ್ಮ ಮನೆಯ ದಾಸವಾಳದ ಬೇಲಿಯಲ್ಲಿ ಆ ದಿನಗಳಲ್ಲಿ ಒಂದು ಜೋಡಿ ಪಿಕಳಾರ ಗೂಡು ಮಾಡಿತ್ತು. ಬೆಕ್ಕು ಆ ಕಡೆ ಸುಳಿದರೆ ಅವು ಗಿಡದ ತುದಿಗೆ ಬಂದು ಒಂದೇ ಸಮನೆ ಕಿರುಚುತ್ತಿದ್ದವು. ಮಾಮೂಲಿ ಕೂಗಲ್ಲ, ಬಟ್ಟೆ ಹರಿದಂಥ ಒರಟು ಸದ್ದು. ಅದು ಕೇಳಿದರೆ ಎಲ್ಲಿಂದಲೋ ಮಡಿವಾಳ ಹಕ್ಕಿ ಬರುತ್ತಿತ್ತು, ಸೂರಕ್ಕಿಗಳು ಬರುತ್ತಿದ್ದವು, ಬೇರೆ ಪಿಕಳಾರಗಳೂ ಕೂಡಿಕೊಳ್ಳುತ್ತಿದ್ದವು. ಎಲ್ಲವೂ ಬೆಕ್ಕಿನ ನೆತ್ತಿಯ ಮೇಲೆ ನಿಂತು ಬೈಯುವುದೇ ಬೈಯುವುದು. ನಾವು ಇದನ್ನು ವರ್ಷ ವರ್ಷವೂ ಕೇಳಿದ್ದೆವು, ಗಮನ ಕೊಟ್ಟಿರಲಿಲ್ಲ.

ಬುಟ್ಟಿಯನ್ನು ಜಗುಲಿಯಿಂದ ಎತ್ತಿ ಬೇಲಿ ಚೆನ್ನಾಗಿ ಕಾಣುವ ಕಡೆ, ಹಳೆಯ ಮೇಜಿನ ಮೇಲೆ ಇಟ್ಟೆ. ಆಯಿಗೆ, ಇನ್ನು ಬೆಕ್ಕಿಗೆ ಜಗುಲಿಯ ಹತ್ತಿರ ಮೀನು ಹಾಕಬೇಡ ಎಂದೆ. ಅವಳಿಗೆ ಅದು ಇಷ್ಟವಾಗಲಿಲ್ಲ. ಆದರೂ ಬಾವಿಯ ಆಚೆ ಹೋಗಿ ಹಾಕಿ ಬರತೊಡಗಿದಳು.

ಮೊದಲ ಸಲ ಬೇಲಿಯಲ್ಲಿ ಗಲಾಟೆ ಎದ್ದಾಗ ನಮ್ಮ ಹಕ್ಕಿ ತಿನ್ನುವುದನ್ನು ನಿಲ್ಲಿಸಿತು. ಜುಟ್ಟು ನೆಟ್ಟಗಾಯಿತು. ಕುತ್ತಿಗೆ ಉದ್ದ ಮಾಡಿ ಕಿರುಚುವ ಹಕ್ಕಿಗಳನ್ನು ನೋಡಿತು, ಬೆಕ್ಕನ್ನು ನೋಡಿತು, ಮತ್ತೆ ಹಕ್ಕಿಗಳನ್ನು ನೋಡಿತು. ಸದ್ದು ಮಾಡಲಿಲ್ಲ. ಗಲಾಟೆ ಮುಗಿದರೂ ಬಹಳ ಹೊತ್ತು ತಿನ್ನಲಿಲ್ಲ. ಎರಡನೆಯ ಸಲವೂ ಹೆಚ್ಚು ಕಡಿಮೆ ಹೀಗೇ. ಆಮೇಲೊಂದು ಬೆಳಿಗ್ಗೆ ನಾನು ಕ್ಲಿನಿಕ್ಕಿಗೆ ಹೊರಡಲು ಚಪ್ಪಲಿ ಹಾಕುತ್ತಿದ್ದೆ. ಬೇಲಿಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಬೆಕ್ಕು ಸುಮ್ಮನೆ ಅಂಗಳ ದಾಟುತ್ತಿತ್ತು. ಬುಟ್ಟಿಯೊಳಗಿಂದ ಆ ಬಟ್ಟೆ ಹರಿಯುವ ಸದ್ದು ಬಂತು. ಸ್ವಲ್ಪ ಒಡಕು, ಸ್ವಲ್ಪ ತೆಳು, ಆದರೆ ಅದೇ. ಹಕ್ಕಿ ಬುಟ್ಟಿಯ ದೂರದ ಬದಿಗೆ ಸರಿದು, ಮೈ ಕುಗ್ಗಿಸಿ, ಬೆಕ್ಕಿನ ಮೇಲಿಂದ ಕಣ್ಣು ತೆಗೆಯದೆ ಕೂಗುತ್ತಿತ್ತು.

“ಆಯಿ, ಬಾ ಇಲ್ಲಿ,” ಎಂದು ಕರೆದೆ. ಅವಳು ಬಂದು ಕೇಳಿದಳು. “ಹ್ಞಾ,” ಎಂದಳು ಅಷ್ಟೇ. ಅವತ್ತು ನನಗೆ ಬಸ್ಸು ತಪ್ಪಿತು.

ಬಾಲ ಹುಟ್ಟುವವರೆಗೆ ಬಿಡುವ ಹಾಗಿರಲಿಲ್ಲ. ಗರಿ ಬರತೊಡಗಿದಾಗ, ಬೆಕ್ಕು ಕಾಣದ ಹೊತ್ತಿನಲ್ಲಿ ಬುಟ್ಟಿ ಎತ್ತಿ ಅದನ್ನು ಸ್ವಲ್ಪ ಹೊತ್ತು ಹೊರಬಿಟ್ಟು, ಜಗುಲಿಯ ಕಟ್ಟೆಯ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಬಾಳೆಹಣ್ಣು ಇಡುತ್ತಿದ್ದೆವು. ಹೊರಗಿನ ಹಕ್ಕಿಗಳ ಅಭ್ಯಾಸವಾಗಲಿ ಎಂದು. ಅಭ್ಯಾಸವಾಯಿತು, ಆದರೆ ಅವಕ್ಕೆ. ಹೊರಗಿನ ಪಿಕಳಾರಗಳು ಮೊದಲು ತಂತಿಯ ಮೇಲಿಂದ ನಮ್ಮದು ತಿನ್ನುವುದನ್ನು ನೋಡುತ್ತಿದ್ದವು. ನಾನು ಪಕ್ಕದಲ್ಲೇ ನಿಂತಿದ್ದರೂ ನಮ್ಮದು ತಿನ್ನುತ್ತಿತ್ತಲ್ಲ. ಒಂದು ಇಳಿದು ಬಂತು, ಹಣ್ಣು ಕಚ್ಚಿಕೊಂಡು ಹಾರಿಹೋಯಿತು. ಅದನ್ನು ನೋಡಿ ಇನ್ನೊಂದು. ವಾರ ಕಳೆಯುವುದರೊಳಗೆ ನಾನು ಅನ್ನದ ಪಾತ್ರೆ ಹಿಡಿದು ಹೊರಗೆ ಬಂದರೂ ಅವು ಏಳುತ್ತಿರಲಿಲ್ಲ. ನನಗೆ ಖುಷಿಯೋ ಖುಷಿ. ಫೋನಿನಲ್ಲಿ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ.

ಆಯಿಗೆ ಖುಷಿಯಾಗಲಿಲ್ಲ. “ಇವು ಇಷ್ಟು ಹತ್ರ ಬರೂದು ಒಳ್ಳೇದಲ್ಲ ಮಗಾ,” ಎಂದಳು.

ನಮ್ಮದು ಒಂದೊಂದು ಸಲ ಬಾಗಿಲಿನಿಂದ ಒಳಗೆ ಹಾರಿ, ಮೊದಲಿನಂತೆ ಕಪಾಟಿನ ಮೇಲೆ ಕೂರುತ್ತಿತ್ತು. ಆದ್ದರಿಂದ ನಾವು ಹಗಲಿನಲ್ಲಿ ಆ ಕೋಣೆಯ ಫ್ಯಾನು ಹಾಕುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದವರು ಸೆಖೆ ತಡೆಯದೆ ಹಾಕಿದರು. ನಮ್ಮ ಹಕ್ಕಿ ಬುಟ್ಟಿಯಲ್ಲಿತ್ತು, ಆದ್ದರಿಂದ ಯೋಚನೆ ಮಾಡಲಿಲ್ಲ. ಒಳಗೆ ಬಂದದ್ದು ಹೊರಗಿನದು. ನಮ್ಮದು ಹೋಗುವ ದಾರಿಯನ್ನು ಅದು ನೋಡಿಟ್ಟುಕೊಂಡಿತ್ತು. ಕಪಾಟಿನ ಮೇಲೆ ಕೂತು, ಊಟದ ತಟ್ಟೆಯ ಕಡೆ ಹಾರುವಾಗ ಫ್ಯಾನಿನ ರೆಕ್ಕೆಗೆ ಬಡಿಯಿತು.

ನಾನು ಸಂಜೆ ಮನೆಗೆ ಬಂದಾಗ ಆಯಿ ಅದನ್ನು ಬಾಳೆಲೆಯ ತುಂಡಿನಲ್ಲಿಟ್ಟು ಕಾದಿದ್ದಳು. ಕೆನ್ನೆಯ ಕೆಂಪು ಹಾಗೇ ಇತ್ತು. ಗಂಡ ಹೊರಗೆ ರಿಕ್ಷಾದ ಸೀಟಿನಲ್ಲಿ ಕೂತಿದ್ದರು, ಒಳಗೆ ಬಂದಿರಲಿಲ್ಲ.

“ನಿಮ್ಮ ತಪ್ಪಲ್ಲ,” ಎಂದೆ.

“ಗೊತ್ತುಂಟು,” ಎಂದರು. ಆದರೂ ಎದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಮೂವರೂ ಸೇರಿ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು. ತಟ್ಟೆ ಒಳಗೆ ಹೋಯಿತು. ಬಾಗಿಲಿಗೆ ಸೊಳ್ಳೆಯ ಜಾಲರಿ ಹಾಕಿಸಿದೆವು. ಹೊರಗಿನ ಹಕ್ಕಿಗಳು ಕೆಲವು ದಿನ ಕಟ್ಟೆಗೆ ಬಂದು ಹುಡುಕಿದವು. ಆಯಿ ಟವೆಲು ಬೀಸಿ ಓಡಿಸುತ್ತಿದ್ದಳು. ಬೆಕ್ಕಿನ ಬೆನ್ನು ಸವರಿದ ಕೈ ಹಕ್ಕಿಗಳನ್ನು ಅಟ್ಟುವುದು ನೋಡಲು ನನಗೆ ಕಷ್ಟವಾಗುತ್ತಿತ್ತು. ಆದರೆ ಬೇಡ ಎನ್ನಲಿಲ್ಲ. ನಮ್ಮ ಹತ್ತಿರ ಬರಬಾರದು ಎನ್ನುವುದನ್ನೂ ಯಾರಾದರೂ ಅವಕ್ಕೆ ತೋರಿಸಬೇಕಿತ್ತು.

ಮಳೆ ಹಿಡಿಯುವ ಮೊದಲು ನಮ್ಮದನ್ನು ಬಿಟ್ಟೆವು. ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ಬುಟ್ಟಿ ಎತ್ತಿ ಪಕ್ಕಕ್ಕಿಟ್ಟೆ. ಅದು ಸ್ವಲ್ಪ ಹೊತ್ತು ಮೇಜಿನ ಮೇಲೆ ಕುಪ್ಪಳಿಸಿ, ದಾಸವಾಳಕ್ಕೆ, ಅಲ್ಲಿಂದ ನುಗ್ಗೆಮರಕ್ಕೆ ಹೋಯಿತು. ಸಂಜೆ ಬಂದು ಜಾಲರಿಗೆ ಜೋತುಬಿದ್ದು ಒಳಗೆ ಇಣುಕಿತು. ನಾವು ತೆಗೆಯಲಿಲ್ಲ. ನಾನು ಅಡುಗೆಮನೆಯಲ್ಲೇ ಇದ್ದೆ, ಅದು ಕರೆಯುವುದು ಕೇಳುತ್ತಿತ್ತು. ಮಾರನೆಯ ದಿನವೂ ಬಂತು. ಆಮೇಲೆ ಮಳೆ ಶುರುವಾಗಿ ಬೇಲಿಯೆಲ್ಲ ಹುಳು, ಕಾಡುಹಣ್ಣು ಆಯಿತು. ಅದು ಬರುವುದು ನಿಂತಿತು.

ಡಾಕ್ಟರು ಕ್ಲಿನಿಕ್ಕಿನಲ್ಲಿ ಆಗಾಗ ಕೇಳುತ್ತಿದ್ದರು, “ಇದೆಯಾ ಅದು?” ಎಂದು. ಇದೆ ಅನಿಸುತ್ತದೆ ಎನ್ನುತ್ತಿದ್ದೆ. ಗುರುತು ಹಿಡಿದು ಖಾತ್ರಿಯಾಗಿ ಹೇಳುವ ಹಾಗಿರಲಿಲ್ಲ, ಬಾಲವೂ ಬೆಳೆದಿತ್ತು, ಕೆನ್ನೆಗೆ ಬಣ್ಣವೂ ಬಂದಿರಬೇಕು.

ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ಮಧ್ಯಾಹ್ನ ತಂತಿಯ ಮೇಲೆ ಐದಾರು ಪಿಕಳಾರಗಳು ಸಾಲಾಗಿ ಕೂತು ಮೈ ಕೊಡವುತ್ತಿದ್ದವು. ಆಯಿ ಬಟ್ಟೆ ಒಣಹಾಕುತ್ತ ಮೇಲೆ ನೋಡಿದಳು.

“ನಮ್ದು ಯಾವ್ದು ಇದ್ರಲ್ಲಿ?”

ನಾನು ಕಣ್ಣು ಕಿರಿದು ಮಾಡಿ ನೋಡಿ, ಎಡಗಡೆಯ ಎರಡನೆಯದನ್ನು ತೋರಿಸಿದೆ.

“ಅದಲ್ಲ, ಆ ತುದಿದು,” ಎಂದಳು ಆಯಿ.

“ಇರ್ಲಿಕ್ಕೂ ಸಾಕು,” ಅಂದೆ. ನಾವು ಮಾತಾಡುತ್ತಿದ್ದಾಗಲೇ ಅವು ಒಟ್ಟಿಗೆ ಎದ್ದು ಗಾಳಿಮರಗಳ ಕಡೆ ಹೋದವು. ಪಶ್ಚಿಮದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಒಣಹಾಕಿದ ಬಟ್ಟೆಯನ್ನೆಲ್ಲ ನಾವು ಪುನಃ ಒಳಗೆ ತಂದೆವು.